ಭಾನುವಾರದ ಪ್ರಶ್ನೋತ್ತರ: ಟ್ರೇನಿಂಗ್‌ನಲ್ಲಿರೋ ಹುಡುಗರು, ಎಂಐ ರೂಂ, ಪಂಚಮಿ ಉಂಡಿ ಪಾರ್ಸೆಲ್

ಅಡ್ಮಿನ್:
ಎಲ್ಲರಿಗೂ ನಮಸ್ಕಾರ. ಮಗನೋ ತಮ್ಮನೋ ರಿಕ್ರೂಟ್ ಟ್ರೇನಿಂಗ್‌ನಲ್ಲಿರೋ ಮನೆಯವರ ಪ್ರಶ್ನೆಗಳಿಗೆ ಇವತ್ತು ನಮ್ಮ ಡಾಕ್ಟರ್ ಸಾಹೇಬರು ಉತ್ತರ ಕೊಡ್ತಾರೆ. ಸೇನೆಯಲ್ಲಿ 22 ವರ್ಷ ಡಾಕ್ಟರಾಗಿದ್ದವರು, ಎರಡು ಟ್ರೇನಿಂಗ್ ಸೆಂಟರ್‌ಗಳ ಎಂಐ ರೂಂ (ಅಲ್ಲಿಯ ದವಾಖಾನೆ) ನೋಡಿಕೊಂಡವರು, ಈಗ ಧಾರವಾಡದಲ್ಲಿದ್ದಾರೆ. ಒಬ್ಬರಿಗೆ ಒಂದೇ ಪ್ರಶ್ನೆ. ಫಾರ್ವರ್ಡ್ ಬೇಡ. ಹುಡುಗನ ಹೆಸರು, ಆರ್ಮಿ ನಂಬರ್, ಸೆಂಟರ್, ಕಂಪನಿ ಯಾವುದನ್ನೂ ಇಲ್ಲಿ ಬರೀಬೇಡಿ.

ಹಾಸನದ ಅಪ್ಪ:
ಸಾರ್ ನಮಸ್ತೆ. ನಮ್ಮ ಹುಡುಗ ಹೋಗಿ ಮೂರು ವಾರ ಆಯ್ತು. ಭಾನುವಾರ ಐದು ನಿಮಿಷ ಫೋನ್ ಮಾಡ್ತಾನೆ. ಮೈಯೆಲ್ಲ ನೋವು, ನಿದ್ದೆ ಸಾಲಲ್ಲ ಅಂತಾನೆ. ಫೋನ್ ಇಟ್ಟ ಮೇಲೆ ಅವರಮ್ಮ ಅಳ್ತಾಳೆ. ಅಲ್ಲಿ ದಿನವಿಡೀ ಏನ್ ಮಾಡಿಸ್ತಾರೆ ಅಂತ ಸ್ವಲ್ಪ ಬಿಡಿಸಿ ಹೇಳಿದ್ರೆ ಅವಳಿಗೂ ಓದಿ ಹೇಳ್ತೀನಿ.

ಡಾಕ್ಟರ್:
ಓದಿ ಹೇಳಿ. ಬೆಳಗಾವಿಯ ಮರಾಠಾ ಸೆಂಟರ್ ಆಗಲಿ, ಬೆಂಗಳೂರಿನ ಎಂಇಜಿ (ಮದ್ರಾಸ್ ಎಂಜಿನಿಯರ್ ಗ್ರೂಪ್) ಆಗಲಿ, ಅರ್ಧ ಗಂಟೆ ಹಿಂದೆ ಮುಂದೆ ಬಿಟ್ಟರೆ ದಿನದ ಚೌಕಟ್ಟು ಒಂದೇ. ನಾಲ್ಕೂವರೆ ಹೊತ್ತಿಗೆ ಬ್ಯಾರಕ್‌ನಲ್ಲಿ ಲೈಟು ಬೀಳತ್ತೆ. ಮೊದಲು ಹಾಸಿಗೆ, ಚಾದರದ ಮಡಿಕೆ ಪಕ್ಕದವನ ಮಡಿಕೆಗೆ ಸಮ ಇರಬೇಕು. ನಲ್ಲಿ ಮುಂದೆ ಸಾಲು. ಗಡ್ಡ ಬಂದಿರಲಿ ಬಿಡಲಿ, ಶೇವಿಂಗ್ ಆಗಲೇಬೇಕು. ಮಗ್ಗಿನಲ್ಲಿ ಚಹಾ ಕುಡಿದು ಪಿಟಿಗೆ ಸಾಲಾಗಿ ಫಾಲಿನ್, ಗಿನತಿ ಅಂದರೆ ತಲೆ ಎಣಿಕೆ. ಓಟ, ಹಗ್ಗ, ಪುಲ್ ಅಪ್, ಒಂಬತ್ತು ಅಡಿ ಹಳ್ಳ. ಬಂದು ಬಟ್ಟೆ ಬದಲಿಸಿ, ಲಂಗರ್‌ನಲ್ಲಿ ಪೂರಿ ಪಲ್ಯ ನುಂಗಿ, ಬೂಟು ಬಿಗಿದು ಡ್ರಿಲ್ ಮೈದಾನಕ್ಕೆ. ಅಲ್ಲಿ ಹುಕುಂ ಎಲ್ಲ ಹಿಂದಿಯಲ್ಲಿ. ‘ದಾಹಿನೆ ಮುಡ್’ (ಬಲಕ್ಕೆ ತಿರುಗು) ಅಂದಾಗ ನಮ್ಮ ಕಡೆ ಹುಡುಗರು ಮೊದಲ ವಾರ ಪಕ್ಕದವನ ಕಾಲು ನೋಡಿ ತಿರುಗ್ತಾರೆ. ಪಕ್ಕದವನು ಕೇರಳದವನಾದರೆ ಇಬ್ಬರೂ ತಪ್ಪು. ಆಮೇಲೆ ರೈಫಲ್ ಬಿಚ್ಚೋದು, ಜೋಡಿಸೋದು, ನಕ್ಷೆ ಓದೋದು. ಮಧ್ಯಾಹ್ನದ ಊಟ, ಮತ್ತೆ ಕ್ಲಾಸು. ಕ್ಲಾಸಿನಲ್ಲಿ ಕೂತಲ್ಲೇ ತೂಕಡಿಸಿದವನನ್ನ ಎಬ್ಬಿಸಿ ಹಿಂದೆ ನಿಲ್ಲಿಸ್ತಾರೆ. ಸಂಜೆ ಆಟ, ರೋಲ್ ಕಾಲ್, ಊಟ, ನಾಳೆಗೆ ಬೂಟ್ ಪಾಲಿಶ್, ಹತ್ತಕ್ಕೆ ದೀಪ ಆರತ್ತೆ. ಪಾಳಿ ಬಂದರೆ ನಡುರಾತ್ರಿ ಎದ್ದು ಪಹರೆ. ತಪ್ಪು ಮಾಡಿದರೆ ಉಸ್ತಾದ್, ಅಂದರೆ ಟ್ರೇನಿಂಗ್ ಕೊಡೋನು, ರಗಡಾ ಹಚ್ಚುತ್ತಾನೆ: ಫ್ರಂಟ್ ರೋಲು, ರೈಫಲ್ ಎತ್ತಿ ಹಿಡಿದು ಓಟ. ಹಿಂಗೆ ನಾಲ್ಕು ವರ್ಷಕ್ಕೆ ಅಂತ ಸೇರೋ ಅಗ್ನಿವೀರರಿಗೆ 31 ವಾರ.

ಇಷ್ಟೆಲ್ಲ ಮಾಡಿ ಮೂರನೇ ವಾರಕ್ಕೆ ಮೈ ನೋವು ಅನ್ನದೇ ಇದ್ದರೆ ನನಗೆ ಅನುಮಾನ ಬರ್ತಿತ್ತು. ಮನೆಯವರು ಕೇಳಬೇಕಾದ್ದು ಒಂದೇ. ‘ಎಲ್ಲಿ ನೋವು’ ಅಂದಾಗ ಅಂಗೈ ಇಟ್ಟು ಸವರಿ ತೋರಿಸ್ತಾನಾ, ಒಂದು ಬೆರಳಲ್ಲಿ ಒತ್ತಿ ತೋರಿಸ್ತಾನಾ? ಎರಡೂ ಕಾಲು, ಅಂಗೈಯಗಲ, ಭಾನುವಾರದ ಹೊತ್ತಿಗೆ ಕಮ್ಮಿ ಅಂದರೆ ಸ್ನಾಯು. ಒಂದೇ ಕಾಲು, ಒಂದೇ ಬೆರಳಿನ ಜಾಗ, ವಾರದಿಂದ ವಾರಕ್ಕೆ ಜಾಸ್ತಿ ಅಂದರೆ ಮಾರನೇ ದಿನ ಬೆಳಿಗ್ಗೆ ಸಿಕ್ ರಿಪೋರ್ಟ್‌ನಲ್ಲಿ, ಅಂದರೆ ಡಾಕ್ಟರಿಗೆ ತೋರಿಸೋರ ಪಟ್ಟಿಯಲ್ಲಿ, ಹೆಸರು ಬರೆಸಬೇಕು.

ಗದಗಿನ ತಾಯಿ:
ನಾವು ಕಟ್ಟಾ ಸಸ್ಯಾಹಾರಿಗಳರಿ. ಮಗಗ ತತ್ತಿ ತಿನ್ನಾಕ ಹಚ್ಚತಾರಂತ ಕೇಳೀನಿ. ಖರೇ ಏನ್ರಿ?

ಡಾಕ್ಟರ್:
ಇಲ್ಲ. ಸಸ್ಯಾಹಾರಿ ಅಂತ ಬರೆಸಿದವನಿಗೆ ಬದಲಿಗೆ ಹಾಲು, ಪನೀರ್ ಸಿಗತ್ತೆ. ಬೇಳೆ ಎರಡು ಸಲ ಹಾಕಿಸ್ಕೊ ಅನ್ನಿ, ನಾಚ್ಕೋಬಾರದು.

ಮಂಡ್ಯದ ಗೌಡ್ರು:
ಮೊಟ್ಟೆ ತಿನ್ನದೆ ಗಡಿ ಕಾಯಕ್ಕಾಗ್ತದಾ ತಾಯಿ? ಅಲ್ಲಿ ಹೋದ್ಮೇಲೆ ಎಲ್ಲಾ ತಿಂತಾರೆ ಬುಡಿ.

ಗದಗಿನ ತಾಯಿ:
ನನ್ನ ಮಗ ಏನ್ ತಿಂತಾನ ಏನ್ ಬಿಡತಾನ ನಿಮಗ್ಯಾಕ್ರಿ?

ಹಾವೇರಿಯ ಹುಡುಗ:
ಸರ್ ಭರ್ತಿ ಓಟದ 1.6 ಕಿ.ಮೀ. 5 ನಿಮಿಷ 50 ಸೆಕೆಂಡಿಗೆ ಮುಗಿಸ್ತೀನಿ. 5.30ಕ್ಕೆ ತರಬೇಕು. ನಮ್ಮ ಅಕಾಡೆಮಿ ಹುಡುಗರು ಓಟದ ದಿನ ಇಂಜೆಕ್ಷನ್ ತಗೋತಾರೆ. ಯಾವುದು ಸೇಫ್?

ಡಾಕ್ಟರ್:
ಯಾವುದೂ ಇಲ್ಲ. ವಾರಕ್ಕೆ ಎರಡು ದಿನ 400 ಮೀಟರಿನ ತುಂಡು ಓಟ ಓಡು, ನಡುವೆ ಸುಧಾರಿಸಿಕೊ. ಉಳಿದ ದಿನ ನಿಧಾನ ಓಟ. ಇಪ್ಪತ್ತು ಸೆಕೆಂಡಿಗೆ ಎರಡು ತಿಂಗಳು ಬೇಕು.

ತುಮಕೂರಿನ ಸದಸ್ಯ:
ಸರ್ ನನ್ನ ಮಗನಿಗೆ ಫ್ಲ್ಯಾಟ್ ಫೂಟ್ ಇದೆ. ಮೆಡಿಕಲ್‌ನಲ್ಲಿ ಹೊರಗೆ ಹಾಕ್ತಾರಾ?

ಡಾಕ್ಟರ್:
ಕಾಲ್ಬೆರಳ ಮೇಲೆ ನಿಂತಾಗ ಪಾದದ ಕಮಾನು ಮೂಡತ್ತಾ ನೋಡಿ. ಮೂಡಿದರೆ, ಪಾದ ಮೆತ್ತಗೆ ಬಾಗಿದರೆ, ನೋವಿಲ್ಲದಿದ್ದರೆ ಸಾಮಾನ್ಯವಾಗಿ ತೊಂದರೆ ಇಲ್ಲ. ಕಮಾನು ಮೂಡದೆ ಪಾದ ಬಿರುಸಾಗಿದ್ದರೆ ಅನರ್ಹ. ಆದರೆ ಇದು ಭರ್ತಿ ಪ್ರಶ್ನೆ. ಇವತ್ತು ಟ್ರೇನಿಂಗ್‌ನಲ್ಲಿ ಇರೋರ ವಿಷಯ ಮಾತ್ರ.

ಬಾಗಲಕೋಟೆ ಕಾಕಾ:
ಫಾರ್ವರ್ಡ್: ಬಿಸಿಲಾಗ ಪರೇಡ್ ಮಾಡೂ ಸೈನಿಕರಿಗೆ ಹಿರಿಯರ ಗುಟ್ಟು!! ಕಿಸೆದಾಗ ಒಂದು ಹಸಿ ಉಳ್ಳಾಗಡ್ಡಿ ಇಟ್ಕೊಂಡ್ರ ಬಿಸಿಲು ಬಡಿಯೂದಿಲ್ಲ. ಉಳ್ಳಾಗಡ್ಡಿ ದೇಹದ ಉಷ್ಣ ಹೀರ್ಕೊಂಡು ತಾನ ಒಣಗತೈತಿ. ಹತ್ತು ಮಂದಿಗೆ ಕಳಸ್ರಿ, ಒಂದು ಜೀವ ಉಳಸ್ರಿ.

ಡಾಕ್ಟರ್:
ಕಾಕಾ, ಉಳ್ಳಾಗಡ್ಡಿ ಸಾರಿಗೆ ಹಾಕ್ರಿ. ಕಿಸೆಯಲ್ಲಿಟ್ಟು ಬಿದ್ದವರನ್ನ ನಾನೇ ಎತ್ತಿಸಿದ್ದೀನಿ, ಪ್ಯಾಂಟು ಬಿಚ್ಚುವಾಗ ಉಳ್ಳಾಗಡ್ಡಿ ಉರುಳಿ ಬಿತ್ತು.

ಆಷಾಢದ ಮೋಡ ಇದೆ, ಬಿಸಿಲೆಲ್ಲಿ ಅನ್ಕೋಬೇಡಿ. ಗಾಳಿಯಲ್ಲಿ ತೇವ ಇದ್ದಾಗ ಬೆವರು ಆರಲ್ಲ, ಬೆವರು ಆರದಿದ್ದರೆ ಮೈ ತಣಿಯಲ್ಲ. ಓಡ್ತಾ ಇರೋ ಹುಡುಗನ ಸ್ನಾಯುಗಳೇ ಒಳಗೆ ಒಲೆ ಉರಿಸ್ತಿರತ್ತವೆ. ಒಳಗಿನ ತಾಪ 40 ಡಿಗ್ರಿ ದಾಟಿ ಹುಡುಗ ಅಡ್ಡಾದಿಡ್ಡಿ ಮಾತಾಡಿದರೆ, ಸಿಟ್ಟಿನಿಂದ ಕೂಗಾಡಿದರೆ, ತೂರಾಡಿದರೆ ಅದು ಹೀಟ್ ಸ್ಟ್ರೋಕ್. ಮೈ ಒಣಗಿರಬೇಕು ಅಂತೇನಿಲ್ಲ, ಬೆವರು ಸುರೀತಾ ಇರುವಾಗಲೇ ಆಗತ್ತೆ. ಮೊದಲು ತಣಿಸೋದು, ಆಮೇಲೆ ಆಸ್ಪತ್ರೆಗೆ ಸಾಗಿಸೋದು. ಐಸ್ ನೀರಿನ ತೊಟ್ಟಿ ಇದ್ದರೆ ಕುತ್ತಿಗೆವರೆಗೆ ಮುಳುಗಿಸಬೇಕು, ಇಲ್ಲದಿದ್ದರೆ ಬಕೆಟ್‌ಗಟ್ಟಲೆ ನೀರು ಸುರಿದು ಗಾಳಿ ಹಾಕಬೇಕು. ಮೊದಲ ಅರ್ಧ ಗಂಟೆಯಲ್ಲಿ ತಾಪ ಇಳಿದರೆ ಹುಡುಗ ಉಳೀತಾನೆ. ಜ್ವರದ ಗುಳಿಗೆ ಇದಕ್ಕೆ ಕೆಲಸ ಮಾಡಲ್ಲ.

ಇನ್ನೊಂದು. ಹಿಂದಿನ ರಾತ್ರಿ ಜ್ವರ, ಭೇದಿ ಇದ್ದು ಮುಚ್ಚಿಟ್ಟು ಮಾರನೇ ದಿನ ಓಡಿದವರೇ ಹೆಚ್ಚಾಗಿ ಬೀಳೋದು. ನಿಮ್ಮ ಹುಡುಗರಿಗೆ ಫೋನಿನಲ್ಲಿ ಅದನ್ನ ಹೇಳಿ.

ಬೆಂಗಳೂರಿನ ಜಿಮ್ ಕೋಚ್:
ಡಾಕ್ಟರ್ ಹೇಳಿದ್ದು ಸರಿ, ಆದ್ರೆ ಸ್ಟ್ಯಾಮಿನಾಗೆ ಒಳ್ಳೆ ಪ್ರೀ ವರ್ಕೌಟ್ ಪೌಡರ್ ತಗೊಂಡ್ರೆ ಇಂಥ ಪ್ರಾಬ್ಲಂ ಬರಲ್ಲ. ನನ್ನ ಹತ್ರ ಆರ್ಮಿ ಹುಡುಗರಿಗೆ ಸ್ಪೆಷಲ್ ರೇಟ್ ಇದೆ, ಪರ್ಸನಲ್ ಮೆಸೇಜ್ ಮಾಡಿ.

ಡಾಕ್ಟರ್:
ಆ ಪೌಡರ್‌ನಲ್ಲಿ ಇರೋದು ಮುಖ್ಯವಾಗಿ ಕೆಫೀನು. ದಣಿವು ಗೊತ್ತಾಗದ ಹಾಗೆ ಮಾಡತ್ತೆ. ಜ್ವರ ಮುಚ್ಚಿಟ್ಟು ಓಡಿದವನು ಬೀಳ್ತಾನೆ ಅಂತ ಈಗ ತಾನೇ ಬರೆದೆ, ದಣಿವು ಗೊತ್ತಾಗದವನೂ ಹಂಗೇ. ಅಡ್ಮಿನ್, ಈ ವ್ಯಾಪಾರ ತೆಗೀರಿ.

ಗೋಕಾಕದ ಅಕ್ಕ:
ಡಾಕ್ಟ್ರ ಸರ ನಮಸ್ಕಾರ್ರಿ. ನನ್ನ ತಮ್ಮ ಟ್ರೇನಿಂಗ್‌ಗೆ ಹೋಗಿ ಹನ್ನೊಂದು ವಾರ ಆತ್ರಿ. ಮೂರು ವಾರದಿಂದ ಬಲಗಾಲ ತೊಡಿ ಸಂದಿನಾಗ ನೋವು ಅಂತಾನ್ರಿ. ಮೊದಲ ಓಡೂವಾಗ ಅಷ್ಟ ಇತ್ತಂತ, ಈಗ ನಡದ್ರೂ ನೋವಂತ. ‘ನರ ಹಿಡದೈತಿ, ಯಾರಿಗೂ ಹೇಳಬ್ಯಾಡ’ ಅಂದಾನ. ಪಂಚಮಿ ಉಂಡಿ ಡಬ್ಬಿ ಕಳಸೂವಾಗ ಒಳಗ ನೋವಿನ ಗುಳಿಗಿ ಇಡ್ರಿ ಅಂತ ಕೇಳ್ಯಾನ. ಯಾವ ಗುಳಿಗಿ ಛಲೋರಿ? ಹೊಟ್ಟಿಗೆ ತ್ರಾಸ ಆಗಬಾರ್ದು.

ಡಾಕ್ಟರ್:
ತಂಗಿ, ಗುಳಿಗೆ ಮಾತು ಆಮೇಲೆ. ಮೊದಲು ಇದಕ್ಕೆ ಉತ್ತರ ಕೊಡ್ರಿ. ಕುಂಟ್ತಾನಾ? ರಾತ್ರಿ ಮಲಗಿದಾಗಲೂ ನೋವು ಇದೆಯಾ? ಕಾಲು ಒಳಕ್ಕೆ ತಿರುಗಿಸಿದರೆ ಜೀವ ಹೋದಂಗ ಆಗತ್ತಾ? ಎಂಐ ರೂಂಗೆ ಹೋಗಿದ್ದನಾ? ಈಗಾಗಲೇ ಯಾರಿಂದಾದರೂ ಗುಳಿಗೆ ಇಸ್ಕೊಂಡು ತಿಂತಿದಾನಾ?

ಬಾಗಲಕೋಟೆ ಕಾಕಾ:
ತಂಗೆವ್ವಾ, ಮಂಗರವಳ್ಳಿ ಚಟ್ನಿ ಮಾಡಿ ಕಳಸು. ಎಲುಬು, ನರ ಎರಡೂ ಕೂಡತಾವ. ಮ್ಯಾಲೆ ಬಿಸಿ ಎಣ್ಣಿ ಹಚ್ಚಿ ಗಟ್ಟಿ ತಿಕ್ಕಾಕ ಹೇಳು.

ಶಿವಮೊಗ್ಗದ ಸದಸ್ಯ:
ಯೂಟ್ಯೂಬಲ್ಲಿ ನೋಡಿದೀನಿ. ಆ ಕಾಲಿನ ಮೇಲೆ ಒಂಟಿಗಾಲಲ್ಲಿ ಹತ್ತು ಸಲ ಕುಪ್ಪಳಿಸಿ ನೋಡಬೇಕು. ನೋವಾದ್ರೆ ಎಲುಬು, ಇಲ್ಲಾಂದ್ರೆ ಸ್ನಾಯು.

ಡಾಕ್ಟರ್:
ಯಾರೂ ಕುಪ್ಪಳಿಸೋಕೆ ಹೇಳಬೇಡಿ! ಯಾರೂ ತಿಕ್ಕೋಕೆ ಹೇಳಬೇಡಿ! ಅಕ್ಕನ ಉತ್ತರ ಬರೋವರೆಗೆ ಎಲ್ಲರೂ ಸುಮ್ಮನಿರಿ.

ಗೋಕಾಕದ ಅಕ್ಕ:
ಕುಂಟತಾನ್ರಿ, ಉಸ್ತಾದ್ ನೋಡೂವಾಗ ಸರಿ ನಡೀತಾನಂತ. ಹದಿನೈದು ದಿನದಿಂದ ರಾತ್ರಿನೂ ಐತಂತ. ತಿರುಗಿಸಿದ್ರ ಏನಾಕ್ಕೈತಿ ಗೊತ್ತಿಲ್ರಿ. ಎಂಐ ರೂಂಗೆ ಒಮ್ಮೆ ಹೋಗಿದ್ದ, ‘ಪೈರ್ ದರ್ದ್’ (ಕಾಲು ನೋವು) ಅಂದನಂತ, ಮುಲಾಮು ಕೊಟ್ಟು ಕಳಸ್ಯಾರ. ಬಾಜೂ ಹಾಸಿಗಿ ಹುಡುಗನ ಕಡೆ ಗುಳಿಗಿ ಇಸ್ಕೊಂಡು ಪಿಟಿ ಮುಂಚೆ ಒಂದೊಂದು ತಿಂತಾನ. ಬರೂ ವಾರ ಬಿಪಿಇಟಿ ಅನ್ನೂ 5 ಕಿ.ಮೀ. ಓಟದ ಪರೀಕ್ಷೆ ಐತ್ರಿ, ಅದು ಮುಗಿದ್ರ ಸಾಕಂತ. ಏನರ ದೊಡ್ಡದೇನ್ರಿ?

ಡಾಕ್ಟರ್:
ದೊಡ್ಡದು ಇರಬಹುದು. ಇಲ್ಲಿಂದ ಖಾತ್ರಿ ಹೇಳಕ್ಕಾಗಲ್ಲ, ಆದರೆ ನೀವು ಬರೆದದ್ದು ಓದಿ ನಾನು ಊಟದ ತಟ್ಟೆ ಬದಿಗಿಟ್ಟು ಬರೀತಾ ಇದ್ದೀನಿ.

ಹೊಸ ಸಿಪಾಯಿಗಳ ಎಲುಬು ಪೆಟ್ಟೇ ಬೀಳದೆ ಬಿರುಕು ಬಿಡತ್ತೆ. ಇದು ಇವತ್ತಿನ ಹುಡುಗರ ಮೆತ್ತಗಿನ ಮೈಯಿಂದ ಬಂದ ಕಾಯಿಲೆ ಅಲ್ಲ. 1855ರಲ್ಲೇ ಪ್ರಷ್ಯಾ ಸೇನೆಯ ಬ್ರೈಟ್‌ಹಾಪ್ಟ್ ಅನ್ನೋ ಡಾಕ್ಟರು ಮೈಲಿಗಟ್ಟಲೆ ನಡೆದ ಸಿಪಾಯಿಗಳ ಪಾದ ಊದಿಕೊಳ್ಳೋದನ್ನ ಬರೆದಿಟ್ಟಿದ್ದ. ಎಕ್ಸ್‌ರೇ ಬಂದ ಮೇಲೆ ಅದು ಎಲುಬಿನ ಬಿರುಕು ಅಂತ ಗೊತ್ತಾಯ್ತು. ಓಡಿದಾಗ ಎಲುಬು ಸವೀತದೆ, ವಿಶ್ರಾಂತಿಯಲ್ಲಿ ಮತ್ತೆ ಕಟ್ಟಿಕೊಳ್ಳತ್ತೆ. ಮೊನ್ನೆವರೆಗೆ ಬಸ್ ಸ್ಟ್ಯಾಂಡ್‌ಗೂ ಬೈಕಿನಲ್ಲಿ ಹೋಗ್ತಿದ್ದ ಹುಡುಗ ಒಮ್ಮೆಲೇ ದಿನಾ ಬೂಟು ಹಾಕಿ ಓಡಿದರೆ ಸವೆತ ಮುಂದೆ ಓಡತ್ತೆ, ಕಟ್ಟೋ ಕೆಲಸ ಹಿಂದೆ ಬೀಳತ್ತೆ. ಮೊಳಕಾಲ ಕೆಳಗಿನ ಎಲುಬಿನಲ್ಲಿ ಆದರೆ ಕೆಲವು ವಾರದ ವಿಶ್ರಾಂತಿಗೆ ಮಾಯುತ್ತದೆ. ನನಗೆ ಹೆದರಿಕೆ ತೊಡೆ ಎಲುಬಿನ ಕತ್ತಿನದು. ಅಲ್ಲಿಯ ನೋವು ತೊಡೆ ಸಂದಿಯಲ್ಲೇ ಕಾಣಿಸೋದು, ಹುಡುಗರು ‘ನರ ಹಿಡಿದಿದೆ’ ಅಂತಲೇ ಹೇಳೋದು.

ಪಂಚಮಿಗೆ ಮರದ ಟೊಂಗೆಗೆ ಜೋಕಾಲಿ ಕಟ್ತೀರಲ್ಲ, ಅದನ್ನ ನೆನಪಿಸಿಕೊಳ್ಳಿ. ಭಾರ ಬಿದ್ದಾಗ ಟೊಂಗೆಯ ಕೆಳಬದಿ ಒತ್ತಿಕೊಳ್ಳತ್ತೆ, ಮೇಲ್ಬದಿ ಹಿಗ್ಗತ್ತೆ. ತೊಡೆ ಎಲುಬಿನ ಕತ್ತೂ ಹಂಗೇ ಅಡ್ಡ ಚಾಚಿಕೊಂಡಿದೆ. ಬಿರುಕು ಕೆಳಬದಿಗಿದ್ದರೆ ಭಾರ ಬಿದ್ದಾಗ ಅದು ಮುಚ್ಚಿಕೊಳ್ಳತ್ತೆ. ಊರುಗೋಲು ಹಿಡಿಸಿ ಆ ಕಾಲಿಗೆ ಭಾರ ತಪ್ಪಿಸಿದರೆ ಸಾಮಾನ್ಯವಾಗಿ ಕೂಡತ್ತೆ. ಮೇಲ್ಬದಿಗಿದ್ದರೆ ಪ್ರತಿ ಹೆಜ್ಜೆಗೂ ಬಾಯಿ ತೆರೀತದೆ. ಅದು ಒಂದು ದಿನ ಓಡುವಾಗ ಟೊಂಗೆ ಸೀಳಿದ ಹಾಗೆ ಸೀಳಿ ಜಾರಿಬಿಟ್ಟರೆ ಚೆಂಡಿನ ಆಕಾರದ ಎಲುಬಿನ ತಲೆಗೆ ಹೋಗೋ ರಕ್ತ ನಿಲ್ಲಬಹುದು. ಇಪ್ಪತ್ತರ ಹುಡುಗನ ಸೊಂಟದ ಕೀಲು ಅಲ್ಲಿಗೆ ಹಾಳು. ಜಾರೋ ಮುಂಚೆ ಸಿಕ್ಕರೆ ಸ್ಕ್ರೂ ಹಾಕಿ ಉಳಿಸಬಹುದು. ಅದಕ್ಕೇ ಕುಪ್ಪಳಿಸೋ ಪರೀಕ್ಷೆ ಅಂದಾಗ ಕೂಗಿದೆ. ಬರೋ ವಾರದ 5 ಕಿ.ಮೀ. ಅದಕ್ಕಿಂತ ದೊಡ್ಡ ಕುಪ್ಪಳಿಸಾಟ.

ಗುಳಿಗೆ ನೋವನ್ನ ಮುಚ್ಚತ್ತೆ, ಬಿರುಕು ಮುಚ್ಚಲ್ಲ. ನೋವು ಇದ್ದಿದ್ದರೆ ಹುಡುಗ ತಾನೇ ನಿಲ್ತಿದ್ದ. ಬೆವರು ಸುರಿಸಿ ನೀರು ಕಮ್ಮಿಯಾದ ಮೈಗೆ ಖಾಲಿ ಹೊಟ್ಟೆಯಲ್ಲಿ ದಿನಾ ಅಂಥ ಗುಳಿಗೆ ಹಾಕಿದರೆ ಮೂತ್ರಪಿಂಡಕ್ಕೂ ಪೆಟ್ಟು. ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ಬಂದರೆ ಒಂದು ಗಂಟೆನೂ ಕಾಯಬಾರದು.

ಈಗ ಮಾಡಬೇಕಾದ್ದು. ಗುಳಿಗೆ ಕಳಿಸಬೇಡಿ. ನಾಳೆ ಬೆಳಿಗ್ಗೆ ಅವನು ಸಿಕ್ ರಿಪೋರ್ಟ್‌ಗೆ ಹೋಗಲೇಬೇಕು. ‘ಪೈರ್ ದರ್ದ್’ ಅಂದರೆ ಎಂಐ ರೂಂನಲ್ಲಿ ಬೆಳಿಗ್ಗೆ ಸಾಲಿನಲ್ಲಿ ನಿಂತ ಮೂವತ್ತು ಜನಕ್ಕೂ ಪೈರ್ ದರ್ದೇ, ಮುಲಾಮೇ ಸಿಗೋದು. ಅವನಿಗೆ ಇದನ್ನ ಬಾಯಿಪಾಠ ಮಾಡಿಸಿ: ‘ಸರ್, ದಾಹಿನಿ ಜಾಂಘ್ ಕೀ ಜಡ್ ಮೇ ತೀನ್ ಹಫ್ತೇ ಸೇ ದರ್ದ್ ಹೈ, ಚಲನೇ ಸೇ ಬಢತಾ ಹೈ, ರಾತ್ ಕೋ ಭೀ ಹೋತಾ ಹೈ.’ ಅಂದರೆ ಬಲ ತೊಡೆಯ ಬುಡದಲ್ಲಿ ಮೂರು ವಾರದಿಂದ ನೋವು, ನಡೆದರೆ ಜಾಸ್ತಿ, ರಾತ್ರಿನೂ ಇರತ್ತೆ. ತಿಂದ ಗುಳಿಗೆಗಳ ಲೆಕ್ಕವನ್ನೂ ಹೇಳಬೇಕು. ಎಕ್ಸ್‌ರೇ ಸರಿ ಇದೆ ಅಂದರೂ ಅಲ್ಲಿಗೆ ಮುಗಿಯಲ್ಲ. ಮೊದಲ ಎರಡು ಮೂರು ವಾರ ಎಕ್ಸ್‌ರೇಯಲ್ಲಿ ಬಿರುಕು ಕಾಣದೇ ಇರಬಹುದು, ಎಂಆರ್‌ಐಯಲ್ಲಿ ಕಾಣತ್ತೆ. ಈ ನೋವಿನ ಮಾತು ಕಿವಿಗೆ ಬಿದ್ದರೆ ಯಾವ ಆರ್ಮಿ ಡಾಕ್ಟರೂ ಅವನನ್ನ ಓಡಿಸಲ್ಲ.

ಅಥಣಿಯ ಮಾಜಿ ಹವಾಲ್ದಾರ್:
ಡಾಕ್ಟ್ರ ಸಾಹೇಬ್ರ ಮಂದೀನ ಭಾಳ ಹೆದರಸಾಕತ್ತೀರಿ. ನಮ್ಮ ಟೈಮ್‌ದಾಗ ಇದಕ್ಕಿಂತ ಉದ್ದ ಟ್ರೇನಿಂಗ್ ಇತ್ತು, ಕಾಲು ನೋವು ಎಲ್ಲಾರಿಗೂ ಇತ್ತು, ಓಡಿದ್ವಿ. ಸಿಕ್ ರಿಪೋರ್ಟ್‌ನಾಗ ನಿಂದ್ರಾಂವಗ ಬ್ಯಾರಕ್‌ನಾಗ ಏನಂತಾರ ಗೊತ್ತಲ್ಲ? ಕಾಮಚೋರ್. ಈಗಿನ ಹುಡುಗ್ರಿಗೆ ಮೊಬೈಲ್ ಹಿಡಿಯೂ ಬಳ್ಳಷ್ಟ ಗಟ್ಟಿ ಅದಾವ.

ಕೊಡಗಿನ ಮಾಜಿ ಸುಬೇದಾರ್:
ಹವಾಲ್ದಾರ್ ಸಾಹೇಬ್ರೆ, ನಾನೂ ಉಸ್ತಾದ್ ಆಗಿದ್ದೆ. ನನ್ನ ಪ್ಲಟೂನ್‌ನ ಒಬ್ಬ ಹುಡುಗ ಹದಿನೈದು ದಿನ ಸೊಂಟದ ಹತ್ರ ನೋವು ಅಂತಿದ್ದ. ನಾಟಕ ಅಂತ ನಾನೇ ಬಿಪಿಇಟಿಗೆ ನಿಲ್ಲಿಸಿದೆ. ನಾಲ್ಕನೇ ಕಿಲೋಮೀಟರ್‌ನಲ್ಲಿ ಬಿದ್ದ. ಪಕ್ಕ ಓಡ್ತಿದ್ದವರಿಗೆ ಸದ್ದು ಕೇಳಿಸಿತ್ತು. ಅವನ ತಂದೆಗೆ ಕಾಗದ ಬರೆದದ್ದು ನಾನು. ಕಾಮಚೋರ್ ಅನ್ನೋ ಪದ ಆಮೇಲೆ ನಾನು ಯಾರಿಗೂ ಹೇಳಿಲ್ಲ.

ಅಥಣಿಯ ಮಾಜಿ ಹವಾಲ್ದಾರ್:
ಸಾಹೇಬ್, ಒಂದು ಕೇಸ್ ಆತಂತ ಎಲ್ಲಾರ್ನೂ ಅಂಗೈಯಾಗ ಇಟ್ಟು ಸಾಕೂದೇನು? ನೂರು ಮಂದ್ಯಾಗ ಹತ್ತು ಮಂದಿ ನಾಟಕ ಮಾಡವ್ರ ಇರತಾರ, ನೀವೂ ನೋಡೀರಿ.

ರಾಯಚೂರಿನ ಸದಸ್ಯ:
ನಾಲ್ಕು ವರ್ಷದ ನೌಕರಿಗೆ ಎಲುಬು ಮುರ್ಕೊಳ್ಳೋದು ಯಾಕ್ರೀ? ಮೊದಲ ವರ್ಷ 30 ಸಾವಿರ ಅಂತಾರೆ, ಕೈಗೆ ಬರೋದು 21 ಸಾವಿರ. ಕೊನೆಗೆ ನೂರಕ್ಕೆ 25 ಜನರನ್ನಷ್ಟೇ ಇಟ್ಕೊಳ್ಳೋದು.

ಅಥಣಿಯ ಮಾಜಿ ಹವಾಲ್ದಾರ್:
ಉಳಿದ 9 ಸಾವಿರ ಎಲ್ಲಿ ಹೋಗತೈತಿ ಅದನ್ನೂ ಹೇಳ್ರಿ. ಸರಕಾರನೂ ಅಷ್ಟ ಹಾಕಿ ಕಡೀಕ ಹತ್ತು ಲಕ್ಷದ ಮ್ಯಾಲ ಕೊಡತೈತಿ. 22ನೇ ವಯಸ್ಸಿಗೆ ನಿಮಗ ಯಾರ್ ಕೊಟ್ಟಿದ್ರು?

ರಾಯಚೂರಿನ ಸದಸ್ಯ:
ಪೆನ್ಶನ್ ತಗೊಂಡು ಕೂತೋರು ಈ ಮಾತು ಹೇಳಬಾರದು.

ಅಥಣಿಯ ಮಾಜಿ ಹವಾಲ್ದಾರ್:
ಪೆನ್ಶನ್ ನಿಮ್ಮ ಮನಿಯಿಂದ ಕೊಡಾಕತ್ತೀರೇನು??

ಅಡ್ಮಿನ್:
ಇಬ್ಬರೂ ನಿಲ್ಲಿಸಿ. ಸ್ಕೀಮ್ ಚರ್ಚೆಗೆ ಈ ಗುಂಪು ಅಲ್ಲ.

ಡಾಕ್ಟರ್:
ಸ್ಕೀಮಿನ ಬಗ್ಗೆ ನನಗೆ ಹೇಳೋಕೆ ಏನೂ ಇಲ್ಲ. ಆದರೆ ನೂರಕ್ಕೆ 25ರಲ್ಲಿ ತಾನು ಇರಬೇಕು ಅನ್ನೋ ಹುಡುಗ ಹನ್ನೊಂದನೇ ವಾರಕ್ಕೇ ನೋವು ನುಂಗ್ತಾನೆ ಅನ್ನೋದು ನಿಜ. ಮೊದಲೂ ರಿಲಿಗೇಟ್ ಆಗ್ತೀನಿ, ಜೊತೆಯವರ ಕಸಮ್ ಪರೇಡ್ (ಟ್ರೇನಿಂಗ್ ಕೊನೆಯ ಪ್ರಮಾಣವಚನ) ಮುಗಿದು ನಾನು ಹಿಂದಿನ ಬ್ಯಾಚಿಗೆ ಬೀಳ್ತೀನಿ ಅಂತ ಮುಚ್ಚಿಡ್ತಿದ್ದರು. ಈಗ ಇನ್ನೂ ಜಾಸ್ತಿ ಮುಚ್ಚಿಡ್ತಾರೆ.

ಮಂಡ್ಯದ ಹುಡುಗಿ:
ಸರ್, ನನ್ನ ಗೆಳತಿ ಟ್ರೇನಿಂಗ್‌ನಲ್ಲಿದ್ದಾಳೆ. ನಾಲ್ಕು ತಿಂಗಳಿಂದ ಮುಟ್ಟಾಗಿಲ್ಲ. ಅಲ್ಲಿ ಎಲ್ಲರಿಗೂ ಹಿಂಗೇ ಆಗತ್ತಂತೆ, ಒಳ್ಳೇದೇ ಆಯ್ತು ಅಂತಿದ್ದಾಳೆ. ನಿಜಾನಾ?

ತುಮಕೂರಿನ ಸದಸ್ಯ:
ಸರ್ ಕಮಾನು ಸ್ವಲ್ಪ ಮೂಡತ್ತೆ. ಫುಲ್ ಮೂಡಲ್ಲ. ಫ್ಲ್ಯಾಟ್ ಫೂಟ್ ಅಂತಾರಾ?

ಡಾಕ್ಟರ್:
ಮೇಲೆ ಬರೆದಿದ್ದೀನಿ.

ಚಿತ್ರದುರ್ಗದ ಅಣ್ಣ:
ಸರ್ ತಮ್ಮನಿಗೆ ತೊಡೆ ಸಂದಿ ತುಂಬ ಹುಳುಕಡ್ಡಿ. ಮೆಡಿಕಲ್ ಶಾಪಿನ ಕ್ರೀಮ್ ಕಳಿಸಿದ್ವಿ. ಹಚ್ಚಿದಾಗ ಎರಡು ದಿನ ಮಾಯ, ಮತ್ತೆ ದುಪ್ಪಟ್ಟು.

ಡಾಕ್ಟರ್:
ಕ್ರೀಮಿನಲ್ಲಿ ಸ್ಟೀರಾಯ್ಡ್ ಬೆರೆಸಿರತ್ತೆ, ಅದಕ್ಕೇ. ಕಡಿತ ನಿಲ್ಲತ್ತೆ, ಹುಳುಕಡ್ಡಿ ಒಳಗೊಳಗೇ ಹಬ್ಬತ್ತೆ, ಚರ್ಮ ತೆಳ್ಳಗಾಗತ್ತೆ. ಬಿಸಾಕೋಕೆ ಹೇಳಿ, ಎಂಐ ರೂಂನ ಔಷಧಿ ಹೇಳಿದಷ್ಟು ವಾರ ಪೂರ್ತಿ ಹಚ್ಚಬೇಕು. ಒಣಗದ ಚಡ್ಡಿ ಹಾಕೋದು ಬಿಡಲಿ. ಮನೆಯಿಂದ ಏನಾದರೂ ಕಳಿಸಲೇಬೇಕು ಅಂದರೆ ಕಾಟನ್ ಚಡ್ಡಿ, ಕಾಲುಚೀಲ ಕಳಿಸಿ.

ಮಂಡ್ಯದ ಹುಡುಗಿ:
ಸರ್ ನನ್ನ ಪ್ರಶ್ನೆ ನೋಡಿದ್ರಾ?

ಬಾಗಲಕೋಟೆ ಕಾಕಾ:
ತಂಗೀ, ಇಂಥಾವೆಲ್ಲ ಗಂಡಸರು ಇರೂ ಗುಂಪಿನಾಗ ಕೇಳಬಾರ್ದು. ಲೇಡಿ ಡಾಕ್ಟರ್ ಕಡೆ ಹೋಗ್ರಿ.

ಡಾಕ್ಟರ್:
ಕಾಕಾ, ಯಾವ ಪ್ರಶ್ನೆ ಕೇಳಬಾರದು ಅನ್ನೋದನ್ನ ನೀವು ಹೇಳಬೇಡಿ. ಬೆಳಗಿನಿಂದ ಉಳ್ಳಾಗಡ್ಡಿ, ಮಂಗರವಳ್ಳಿ, ಬಿಸಿ ಎಣ್ಣೆ ಮೂರೂ ಆಯ್ತು. ನಾಲ್ಕನೇದು ಬೇಡ. ಕಂಪು ಬೇಕಾದರೆ ಒಗ್ಗರಣೆ ಹಾಕ್ರಿ.

ತಂಗಿ, ತಡವಾಯ್ತು, ಕ್ಷಮಿಸು. ಬಸುರಿ ಅಲ್ಲ ಅಂತ ಮೊದಲು ಖಾತ್ರಿ ಆಗಬೇಕು. ಅದಲ್ಲದಿದ್ದರೆ, ‘ಎಲ್ಲರಿಗೂ ಆಗತ್ತೆ’ ಅನ್ನೋದು ನಿಜ ಇರಬಹುದು, ‘ಒಳ್ಳೇದಾಯ್ತು’ ಅನ್ನೋದು ಸುಳ್ಳು. ಖರ್ಚಾಗೋ ಶಕ್ತಿಯಷ್ಟು ಊಟ ಒಳಗೆ ಹೋಗದಿದ್ದಾಗ ದೇಹ ಮೊದಲು ಮುಟ್ಟು ನಿಲ್ಲಿಸತ್ತೆ, ಅದರ ಜೊತೆ ಎಲುಬು ಕಟ್ಟೋದನ್ನೂ ಕಮ್ಮಿ ಮಾಡತ್ತೆ. ಹೆಣ್ಣುಮಕ್ಕಳಲ್ಲಿ ಎಲುಬಿನ ಬಿರುಕು ಹುಡುಗರಿಗಿಂತ ಹೆಚ್ಚು. ಮಿಲಿಟರಿ ಪೊಲೀಸ್‌ನ ಮೊದಲ 83 ಹೆಣ್ಣುಮಕ್ಕಳು 2021ರಲ್ಲಿ ಬೆಂಗಳೂರಿನಲ್ಲಿ ಟ್ರೇನಿಂಗ್ ಮುಗಿಸಿ ಹೊರಬಂದರು. ಇದು ಇನ್ನು ಹೊಸ ಸಂಗತಿಯಲ್ಲ, ಅಲ್ಲಿಯ ಡಾಕ್ಟರಿಗೆ ಸಂಕೋಚವಿಲ್ಲದೆ ಹೇಳಲಿ. ರಾತ್ರಿ ಊಟ ಬಿಡ್ತಾಳಾ ಕೇಳು.

ಮಂಡ್ಯದ ಗೌಡ್ರು:
ಕಾಕಾನ್ಗೆ ಒಗ್ಗರಣೆ 😂

ಬಾಗಲಕೋಟೆ ಕಾಕಾ:
ಹಿರಿಯರಿಗೆ ಮರ್ಯಾದಿ ಕೊಡದ ಗುಂಪಿನಾಗ ನಾ ಇರೂದಿಲ್ಲ.

(ಬಾಗಲಕೋಟೆ ಕಾಕಾ ಗುಂಪಿನಿಂದ ಹೊರಹೋದರು.)

ಗೋಕಾಕದ ಅಕ್ಕ:
ಸರ, ಫೋನ್ ಸ್ವಿಚ್ಡ್ ಆಫ್ ಬರಾಕತ್ತೈತ್ರಿ. ಮುಂದಿನ ಭಾನುವಾರದ ತನ ಸಿಗೂದಿಲ್ಲ. ಬಿಪಿಇಟಿ ಗುರುವಾರ ಐತಿ. ಅವ್ವ ಶುಕ್ರವಾರನ ಡಬ್ಬಿ ಸ್ಪೀಡ್ ಪೋಸ್ಟ್ ಮಾಡ್ಯಾಳ, ಗುಳಿಗಿ ಉಂಡಿ ನಡಕ ಇಟ್ಟಾಳ, ಈಗ ಹೇಳಿದ್ಲು. ಏನ್ ಮಾಡ್ಲಿರಿ?

ಕೊಡಗಿನ ಮಾಜಿ ಸುಬೇದಾರ್:
ಅಮ್ಮಾ, ಸೇರುವಾಗ ಕಂಪನಿ ಆಫೀಸಿನ ಲ್ಯಾಂಡ್‌ಲೈನ್ ನಂಬರ್ ಮನೆಗೆ ಕೊಟ್ಟಿರ್ತಾರೆ, ಜಾಯಿನಿಂಗ್ ಕಾಗದದ ಜೊತೆ ಹುಡುಕಿ. ಈಗಲೇ ಮಾಡಿ, ಭಾನುವಾರವೂ ಡ್ಯೂಟಿಯವರು ಇರ್ತಾರೆ. ಸೀನಿಯರ್ ಜೆಸಿಓ (ಸುಬೇದಾರ್ ದರ್ಜೆಯ ಅಧಿಕಾರಿ) ಸಾಹೇಬರ ಹತ್ರ ಮಾತಾಡಬೇಕು ಅನ್ನಿ. ತಮ್ಮನ ನಂಬರ್, ಹೆಸರು ಹೇಳಿ, ದೂರು ಹೇಳೋ ಧಾಟಿ ಬೇಡ. ‘ಮೂರು ವಾರದಿಂದ ತೊಡೆ ಸಂದಿ ನೋವು ಮುಚ್ಚಿಟ್ಟಿದ್ದಾನೆ, ಹೆದರಿದ್ದಾನೆ, ದಯವಿಟ್ಟು ಎಂಐ ರೂಂಗೆ ಕಳಿಸಿ’ ಅಂದರೆ ಸಾಕು. ಹಿಂದಿ ಬರದಿದ್ದರೆ ನನಗೆ ಪರ್ಸನಲ್ ಮೆಸೇಜ್ ಮಾಡಿ, ನಾನು ಜೊತೆಗೆ ಲೈನಿನಲ್ಲಿ ಇರ್ತೀನಿ.

ಅಥಣಿಯ ಮಾಜಿ ಹವಾಲ್ದಾರ್:
ಮನಿಯವ್ರು ಆಫೀಸಿಗೆ ಫೋನ್ ಮಾಡಿದ್ರ ಹುಡುಗನ ಮಾನ ಹೋಗತೈತಿ. ನೋಡಕೋತ ಇರ್ರಿ.

ಡಾಕ್ಟರ್:
ಮಾನ ಮತ್ತೆ ಬರತ್ತೆ. ಅಕ್ಕಾ, ಫೋನ್ ಮಾಡ್ರಿ.

ವಿಜಯಪುರದ ಸದಸ್ಯ:
ಸರ್ ಅಗ್ನಿವೀರರಿಗೆ ಕ್ಯಾಂಟೀನ್ ಕಾರ್ಡ್‌ನಲ್ಲಿ ಬೈಕ್ ಸಿಗತ್ತಾ?

ಉಡುಪಿಯ ಸದಸ್ಯ:
ಮಗ ಕೈ ಮೇಲೆ ಟ್ಯಾಟೂ ಹಾಕಿಸಿದ್ದಾನೆ, ಲೇಸರ್‌ನಲ್ಲಿ ತೆಗೆಸಿದರೆ ಆದೀತಾ ಡಾಕ್ಟ್ರೇ?

ತುಮಕೂರಿನ ಸದಸ್ಯ:
ಸರ್ ಫೋಟೋ ಹಾಕಿದೀನಿ ಪಾದದ್ದು. ಪ್ಲೀಸ್ ನೋಡಿ.

ಡಾಕ್ಟರ್:
ಮೇಲೆ.

ತುಮಕೂರಿನ ಸದಸ್ಯ:
ಮೇಲೆ ಅಂದ್ರೆ ಎಲ್ಲಿ ಸರ್?

ಗೋಕಾಕದ ಅಕ್ಕ:
ಹತ್ತಿದ್ರಿ ಫೋನ್. ಸುಬೇದಾರ್ ಕಾಕಾರ ಮಾತಾಡಿದ್ರು, ನಂಗ ಅಳು ಬಂದಿತ್ತು. ಸಾಹೇಬ್ರು ಬೈಲಿಲ್ಲ. ಮೊದಲ ಯಾಕ ಹೇಳ್ಲಿಲ್ಲ ಅಂದ್ರು. ಈಗಿಂದ ಪಿಟಿ ಬಂದ್, ನಾಳೆ ಮುಂಜಾನೆ ಕಳಸ್ತೀವಿ ಅಂದಾರ.

ಡಾಕ್ಟರ್:
ಸರಿ. ನಾಳೆ ಏನಂದರು ಅನ್ನೋದನ್ನ ಇಲ್ಲೇ ಬರೀರಿ. ಉಳಿದವರು ಇನ್ನು ಪ್ರಶ್ನೆ ಹಾಕಬೇಡಿ, ನಾನು ಇವತ್ತಿಗೆ ಎದ್ದೆ.

(ಮಂಗಳವಾರ)

ಗೋಕಾಕದ ಅಕ್ಕ:
ಸರ, ನಿನ್ನೆ ಎಂಐ ರೂಂನಾಗ ನೀವು ಹೇಳಿದ ಹಿಂದಿ ವಾಕ್ಯ ಹಂಗ ಒಪ್ಪಿಸ್ಯಾನ. ಸಾಹೇಬ್ರು ಫೋನ್‌ದಾಗ ಬರಸಿದ್ರಂತ. ನಡಿಯಾಕ ಬಿಡಲಿಲ್ಲ, ಗಾಡ್ಯಾಗ ಮಿಲಿಟರಿ ಆಸ್ಪತ್ರೆಗೆ ಒಯ್ದಾರ. ಎಕ್ಸ್‌ರೇ ಸರಿ ಬಂತಂತ, ಆದ್ರೂ ಇವತ್ತು ಎಂಆರ್‌ಐ ಮಾಡ್ಯಾರ. ಬಿರುಕು ಐತಂತ, ಕೆಳಗಿನ ಬದಿ. ಆಪರೇಶನ್ ಈಗ ಬ್ಯಾಡ, ಊರುಗೋಲು ಕೊಟ್ಟಾರ, ಆ ಕಾಲು ನೆಲಕ್ಕ ಊರಬಾರ್ದಂತ. ಹಿಂದಿನ ಬ್ಯಾಚಿಗೆ ಹಾಕ್ತಾರಂತ ಅಳಾಕತ್ತಿದ್ದ. ನಮ್ಮ ಅಪ್ಪ ಮಾತಾಡವಲ್ಲ ನನ್ನ ಕೂಡ, ಆಫೀಸಿಗೆ ಯಾಕ ಫೋನ್ ಮಾಡಿದಿ ಅಂತ.

ಡಾಕ್ಟರ್:
ಕೆಳಬದಿ. ಒಳ್ಳೇದು. ಬಿರುಕು ಎಷ್ಟು ಅಗಲ ಇದೆ ಅಂತ ರಿಪೋರ್ಟಿನಲ್ಲಿ ಬರೆದಿರ್ತಾರೆ, ಸಿಕ್ಕರೆ ಕಳಿಸಿ. ಅರ್ಧಕ್ಕಿಂತ ಹೆಚ್ಚು ಹಬ್ಬಿದ್ದರೆ ಅದಕ್ಕೂ ಸ್ಕ್ರೂ ಬೇಕಾಗತ್ತೆ, ಅದನ್ನ ಅವರೇ ನೋಡ್ಕೋತಾರೆ. ನೋವು ಹೋಯ್ತು ಅಂತ ಮೂರನೇ ವಾರಕ್ಕೆ ಊರುಗೋಲು ಬಿಸಾಡೋ ಚಾಳಿ ಈ ವಯಸ್ಸಿನವರಿಗೆ ಇದೆ. ಬಾತ್‌ರೂಮಿಗೆ ಹೋಗುವಾಗಲೂ ಬಿಡಬಾರದು. ನಿಮ್ಮ ಅಪ್ಪನಿಗೆ ನನ್ನ ನಂಬರ್ ಕೊಡ್ರಿ.

ಗೋಕಾಕದ ಅಕ್ಕ:
ಹೂಂ ರಿ. ಡಬ್ಬಿ ನಾಳೆ ಬ್ಯಾರಕ್‌ಗೆ ಮುಟ್ಟತೈತಿ ಸರ.

ಡಾಕ್ಟರ್:
ಗುಳಿಗೆ ಎಂಐ ರೂಂಗೆ ಕೊಡಲಿ. ಉಂಡಿ ಆಸ್ಪತ್ರೆಗೆ ಮುಟ್ಟೋದು ಕಷ್ಟ, ಬ್ಯಾರಕ್‌ನವರೇ ಖಾಲಿ ಮಾಡ್ತಾರೆ. ಇನ್ನೊಂದು ಡಬ್ಬಿ ಕಟ್ಟಾಕ ಅವ್ವಗ ಹೇಳ್ರಿ.